ಜಿಲ್ಲಾ ಪುಟದ ಕೆಳಗೆ

ಪತ್ರಿಕೆಯ ಆ್ಯಪ್ ತೆರೆದ ಕೂಡಲೇ ಅದೇ ಪ್ರಶ್ನೆ: ನೀವಿರುವ ಸ್ಥಳ ತಿಳಿಯಲು ಅನುಮತಿ ಕೊಡುವಿರಾ?

ಗುರುದೇವಿ ಬೇಡ ಎಂದು ಒತ್ತಿದಳು. ಪತ್ರಿಕೆಯವರಿಗೆ ತಿಳಿದರೆ ಊರಿಗೇ ತಿಳಿದಂತೆ ಎಂದು ಅವಳ ಎಣಿಕೆ. ನಗುವವರು ನಗಲಿ, ಅವಳ ಹೆದರಿಕೆ ಅವಳಿಗೆ.

ದಿಲ್‌ಸುಖ್‌ನಗರದ ಓಣಿಯೊಂದರಲ್ಲಿ, ಮಾಳಿಗೆಯ ಮೇಲಿನ ಒಂಟಿ ಕೋಣೆ. ಗಂಡ ಸಾಯಿಕುಮಾರ ನಾಚಾರಂನ ಕಾರ್ಖಾನೆಗೆ ಹೊರಟಾಗ, ಅವಳು ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಯೇ ಮೆಟ್ಟಿಲಿಳಿಯುತ್ತಿದ್ದ. ಇಬ್ಬರೂ ರಾಯಚೂರು ಕಡೆಯವರು, ಜಾತಿ ಬೇರೆ. ಮದುವೆ ರಿಜಿಸ್ಟರ್ ಆದ ದಿನವೇ ಅವಳ ಅಣ್ಣ ಉಪೇಂದ್ರ ಫೋನಿನಲ್ಲಿ ಹೇಳಿದ್ದ: "ಎಲ್ಲಿದ್ರೂ ಹುಡುಕ್ತೀನಿ. ಸಿಕ್ಕ ದಿನ ಬಿಡಂಗಿಲ್ಲ." ಅಂದೇ ಹಳೆಯ ಸಿಮ್ ಮುರಿದು ಎಸೆದಿದ್ದರು.

ಹೊಸ ನಂಬರು ಗೊತ್ತಿದ್ದದ್ದು ಸೋದರತ್ತೆ ಸಂಯುಕ್ತಾಗೆ ಮಾತ್ರ. ಹೋದ ವಾರ ಅವಳು ಕದ್ದು ಮಾತಾಡಿದ್ದಳು.

"ಅಪ್ಪ ಹಾಸಿಗಿ ಹಿಡದಾನವ್ವ. ಉಣ್ಣಾಕತ್ತಿಲ್ಲ, ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾನ. ಆ ನಿನ್ನ ನೀಲಿ ಸೀರಿ ಫೋಟೋ ದಿಂಬಿನ ಕೆಳಗ ಇಟಗೊಂಡಾನ, ಯಾರು ಕೇಳಿದ್ರೂ ಕೊಡಾಕತ್ತಿಲ್ಲ. ಹಿರ್ಯಾರೆಲ್ಲ ಬಂದು ಕುಂತಾರ. ಇವತ್ತೋ ನಾಳೆಯೋ ಮುಗೀತೈತಿ. ಮುಗದ ಮ್ಯಾಲ ಪೇಪರಿಗೆ ಹಾಕಸ್ತಾರ, ನೋಡಕೋತ ಇರು. ನಾ ಮತ್ತ ಫೋನ್ ಮಾಡಾಕ ಆಗಂಗಿಲ್ಲ."

ಕನ್ನಡ ಪೇಪರು ಆ ತೆಲುಗು ಓಣಿಯಲ್ಲಿ ಎಲ್ಲಿ ಸಿಗಬೇಕು? ಅಂದಿನಿಂದ ಈ ಆ್ಯಪ್. ಒಮ್ಮೆ ಹುಡುಕುವ ಜಾಗದಲ್ಲಿ ತಮ್ಮ ತಾಲ್ಲೂಕಿನ ಹೆಸರು ಹಾಕಿದ್ದಳು. ಹಳೆಯ ಸುದ್ದಿಗಳು ಸಾಲಾಗಿ ಬಂದವು. ಕಾಲುವೆಯಲ್ಲಿ ಸಿಕ್ಕ ಹುಡುಗಿ, ಹೊಲದ ಬಾವಿಯಲ್ಲಿ ಸಿಕ್ಕ ಜೋಡಿ. ಆಮೇಲೆ ಅಲ್ಲಿಗೆ ಬೆರಳು ಇಟ್ಟಿರಲಿಲ್ಲ. ನೇರ ರಾಯಚೂರು ಪುಟ, ಅದರ ಕೆಳಗಿನ ಶ್ರದ್ಧಾಂಜಲಿಗಳು, ಅಷ್ಟೆ.

ಕೆಳಗಿನ ಮನೆಯ ಒಡತಿ ಸತ್ಯಭಾಮಾ ದಿನಾ ಕೇಳುತ್ತಿದ್ದರು. ಬಾಯ್ತುಂಬ ಕನ್ನಡ ಆಡಲು ಅವರಿಗೂ ಬೇರೆ ಯಾರಿದ್ದರು?

"ಇವತ್ತು ಬಂತೇನವ್ವ?"

"ಇನ್ನ ಬಂದಿಲ್ಲರಿ ಅಮ್ಮಾರ."

"ಬರೋದೇ ಬ್ಯಾಡ ಬಿಡು. ದೇವರು ದೊಡ್ಡಾಂವ."

ಗುರುದೇವಿಗೆ ಕಣ್ಣು ತುಂಬಿ ಬರುತ್ತಿತ್ತು.

ಇವತ್ತಿನ ಪುಟದಲ್ಲಿ ಯಾರೋ ಮುದುಕರ ಫೋಟೋ, ಗುರುತಿಲ್ಲದವರು. ಫೋನ್ ಕೆಳಗಿಡುವಾಗ ನೆನಪಾಯಿತು. ನಿನ್ನೆ ಡೇಟಾ ಮುಗಿದಿತ್ತು. ನಿನ್ನೆಯ ಪೇಪರು ನೋಡಿಯೇ ಇಲ್ಲ!

ಹಳೆಯ ಸಂಚಿಕೆಗಳು ಎಂಬಲ್ಲಿ ಒತ್ತಿ, ನಿನ್ನೆಯ ತಾರೀಖು ಆರಿಸಿದಳು. ಪುಟ ತೆರೆಯದೆ ಚಕ್ರ ಸುತ್ತತೊಡಗಿತು.

ಆಗ ಬಾಗಿಲು ಬಡಿದ ಸದ್ದು.

ಸಾಯಿಕುಮಾರನಾದರೆ ಹೆಸರು ಹಿಡಿದು ಕೂಗುತ್ತಾನೆ. ಇದು ಬರೀ ಬಡಿತ. ಮತ್ತೆ ಬಡಿತ, ಈ ಸಲ ಇನ್ನೂ ಜೋರಾಗಿ. ಹೊರಗೆ ಯಾರದೋ ಏದುಸಿರು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒತ್ತಿ ನಿಂತಳು.

ಕೈಯಲ್ಲಿ ಪುಟ ತೆರೆಯಿತು. ಮೊದಲು ಹೂಮಾಲೆ ಕಾಣಿಸಿತು, ಆಮೇಲೆ ಹಣೆ, ಆಮೇಲೆ ಮುಖ. ಕೆಳಗೆ ದುಃಖತಪ್ತರ ಹೆಸರುಗಳು. ಮೊದಲನೆಯದೇ ಉಪೇಂದ್ರ.

ಗುರುದೇವಿ ನೆಲಕ್ಕೆ ಕುಸಿದು ಗೊಳೋ ಎಂದು ಅತ್ತಳು.

"ಯವ್ವಾ, ನಾನ ಸತ್ಯಭಾಮಾ! ಮೆಟ್ಟಲಾ ಹತ್ತಿ ದಮ್ಮ ಹತ್ಯಾವು, ಕೈಯಾಗ ಬಿಸಿ ಪಲ್ಯ ಐತಿ. ಬಾಗಲಾ ತಗಿ!"

ಗುರುದೇವಿ ಎದ್ದು ಚಿಲಕ ತೆಗೆದಳು. ಇಷ್ಟು ದಿನ ಸಂದಿಯಷ್ಟೇ ತೆರೆಯುತ್ತಿದ್ದ ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದಳು. ಬಿಸಿಲು ಒಳಗೆ ಬಂತು.

ಅವಳ ಮುಖ ನೋಡಿ ಸತ್ಯಭಾಮಾ ಪಲ್ಯದ ಬಟ್ಟಲನ್ನು ಅಲ್ಲೇ ಇಟ್ಟರು. "ಯಾವಾಗ ಹೋದ್ರವ್ವ ಅಪ್ಪಾರು?"

"ಅಪ್ಪಗ ಏನೂ ಆಗಿಲ್ಲರಿ." ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಫೋಟೋ ಕೊಟ್ಟಬಿಟ್ಟಾನ. ಅಣ್ಣ ಎಳ್ಳುನೀರು ಬಿಟ್ಟಾನ. ಇನ್ನ ಹುಡುಕ್ಕೋತ ಬರಂಗಿಲ್ಲ."

ಏನೂ ತಿಳಿಯದ ಸತ್ಯಭಾಮಾ ಕನ್ನಡಕ ಏರಿಸಿ ಫೋನ್ ಕಣ್ಣ ಹತ್ತಿರ ಹಿಡಿದರು.

ಹೂಮಾಲೆಯ ನಡುವೆ, ನೀಲಿ ಸೀರೆ ಉಟ್ಟು, ಗುರುದೇವಿ ನಗುತ್ತಿದ್ದಳು.