ಮೊಣಕಾಲೆತ್ತರದ ಸೇವಂತಿಗೆ

ಬಟ್ಟೆ ಕತ್ತರಿ ಕಾಣೆಯಾಗಿದೆ ಎಂದು ಅತ್ತೆಗೆ ಗೊತ್ತಾಗಿದ್ದು, ಕೋಟಿನ ತೋಳು ಕತ್ತರಿಸಲೆಂದು ಮೇಜಿನ ಮೇಲೆ ಕೈಯಾಡಿಸಿದಾಗ. ಮೂವತ್ತು ವರ್ಷದ ಹೊಲಿಗೆಯಲ್ಲಿ ಆ ಕತ್ತರಿಗೆ ಅವರು ಒಂದು ಚೂರು ಕಾಗದವನ್ನೂ ತಗುಲಿಸಿದವರಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದರು, ಮೆಷಿನ್ನಿನ ಡ್ರಾಯರ್ ಎಳೆದು ನೋಡಿದರು. ಕೊನೆಗೆ ಕಿಟಕಿಯಾಚೆ ನೋಡಿದರು. ಸೊಸೆ ಹೂವಿನ ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಕೈಯಲ್ಲಿ ಕತ್ತರಿ ಬಾಯಿ ತೆರೆದಿತ್ತು.

"ಏಯ್, ನಿಲ್ಲಿಸು!" ಅತ್ತೆ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಓಡಿಬಂದರು. "ನಿನ್ನ ಕೈಗೆ ಸಿಕ್ಕಿದ್ದು ಅದೇನಾ?"

"ತೋಟದ ಕತ್ತರಿ ಎಲ್ಲೂ ಕಾಣಿಸ್ತಿಲ್ಲ ಅತ್ತೆ."

"ಹೇಗೆ ಕಾಣಿಸುತ್ತೆ? ನಾನೇ ಬಚ್ಚಿಟ್ಟಿದ್ದೀನಿ."

ಸೊಸೆ ತಲೆಯೆತ್ತಿದಳು. ಅವಳು ಸಸ್ಯಶಾಸ್ತ್ರ ಓದಿದವಳು. ಗಿಡದ ವಿಷಯದಲ್ಲಿ ಈ ಮನೆಯಲ್ಲಿ ಅವಳದೇ ಮಾತು. "ಇದು ಎತ್ತರದ ಜಾತಿ ಸೇವಂತಿಗೆ. ಹಾಗೇ ಬಿಟ್ರೆ ಹೂವಿನ ಭಾರಕ್ಕೆ ದಾರಿಗೆ ಅಡ್ಡ ಮಲಗುತ್ತೆ. ಅರ್ಧಕ್ಕೆ ಕತ್ತರಿಸಿದ್ರೆ ಪಕ್ಕದಲ್ಲಿ ಕವಲೊಡೆದು ಗಟ್ಟಿಯಾಗಿ ನಿಲ್ಲುತ್ತೆ. ಹೂವು ಸ್ವಲ್ಪ ತಡ ಆಗುತ್ತೆ, ಅಷ್ಟೇ."

"ಮೊದಲನೇ ಸಲ ಎದೆಮಟ್ಟ ಬಂದಾಗ ಕತ್ತರಿಸಿದೆ. ಓದಿದವಳು ಹೇಳ್ತಾಳೆ ಅಂತ ಸುಮ್ಮನಿದ್ದೆ. ಎರಡನೇ ಸಲ ಸೊಂಟದ ಮಟ್ಟದಲ್ಲಿ. ಆಗಲೂ ಸುಮ್ಮನಿದ್ದೆ." ಅತ್ತೆ ಟೇಪು ತೆಗೆದು ಒಂದು ಗಿಡದ ಬುಡದಿಂದ ತುದಿಗೆ ಹಿಡಿದರು. "ಈಗ ನೋಡು, ಇಪ್ಪತ್ತು ಇಂಚು. ಮೊಣಕಾಲು ದಾಟಿಲ್ಲ. ಇದು ಗಾಳಿಗೆ ಬೀಳೋ ಹೊತ್ತಿಗೆ ನಾನು, ನೀನು, ಈ ಕಾಂಪೌಂಡು ಎಲ್ಲಾ ಬಿದ್ದಿರ್ತೀವಿ."

ಪ್ರತಿ ಕವಲಿನ ತುದಿಯಲ್ಲೂ ಮೆಣಸುಕಾಳಿನಷ್ಟು ಹಸಿರು ಮೊಗ್ಗುಗಳಿದ್ದವು. ಈಗ ಕತ್ತರಿಸಿದರೆ ಈ ವರ್ಷಕ್ಕೆ ಹೂವಿಲ್ಲ. ಅದು ಸೊಸೆಗೆ ಗೊತ್ತಿತ್ತು. ಏನೂ ಓದದ ಅತ್ತೆಗೂ ಗೊತ್ತಿತ್ತು.

ಆ ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನೆಟ್ಟವನು ಅವಳ ಗಂಡ. ನೆಟ್ಟ ಒಂಬತ್ತನೇ ದಿನ ಅವನು ತೀರಿಕೊಂಡ. ಯಾವ ಬಣ್ಣ ಎಂದು ಅವಳು ಕೇಳಿದ್ದಕ್ಕೆ, "ಹಳದಿ, ನಿನಗಿಷ್ಟ ಅಲ್ವಾ" ಅಂದಿದ್ದ. ಅತ್ತೆಯದು ಬೇರೆಯೇ ಪಟ್ಟು: "ನನ್ನ ಹತ್ತಿರ ಕೆಂಪು ಅಂದ. ನನಗೆ ಕೆಂಪೇ ಇಷ್ಟ ಅಂತ ಅವನಿಗೆ ಗೊತ್ತಿಲ್ವಾ?" ಐದು ತಿಂಗಳಿಂದ ಊಟದ ಮೇಜಿನಲ್ಲಿ ಇಬ್ಬರ ನಡುವೆ ನಡೆಯುತ್ತಿದ್ದ ಮಾತು ಅದೊಂದೇ. ಹಳದಿ. ಅಲ್ಲ, ಕೆಂಪು.

ಅತ್ತೆ ಪಕ್ಕದಲ್ಲಿ ಕೂತು ಮೊಣಕೈಯಿಂದ ತಿವಿದರು. "ಏನು, ಸೋತುಹೋಗ್ತೀನಿ ಅಂತ ಭಯಾನಾ?"

"ಸೋಲೋದಕ್ಕಲ್ಲ." ಸೊಸೆ ಒಂದು ಮೊಗ್ಗನ್ನು ಬೆರಳ ತುದಿಯಿಂದ ಮುಟ್ಟಿದಳು. "ಕೆಂಪು ಬಂತು ಅಂತಿಟ್ಕೊಳ್ಳಿ. ಅವರು ನನಗೆ ಹೇಳಿದ್ದು ಸುಳ್ಳು ಅಂತಾಗುತ್ತೆ. ಯಾಕೆ ಹಾಗಂದ್ರಿ ಅಂತ ಯಾರನ್ನ ಕೇಳಲಿ?"

ಅತ್ತೆ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಅವನು ನನಗೆ ಕೆಂಪು ಅಂತ ಹೇಳಿರಲಿಲ್ಲ ಕಣೆ."

"ಮತ್ತೆ?"

"ಏನೂ ಹೇಳಿರಲಿಲ್ಲ. ಹೆಂಡತಿಗೆ ಬಣ್ಣ ಹೇಳ್ತಾನೆ, ಹೆತ್ತವಳಿಗೆ 'ನೀರು ಹಾಕು' ಅಂತ ಹೇಳಿ ಹೋಗ್ತಾನೆ. ಹೊಟ್ಟೆ ಉರೀತು. ಕೆಂಪು ಅಂತ ಬಾಯಿಗೆ ಬಂತು, ಅಂದುಬಿಟ್ಟೆ. ನೀನು ಜಗಳಕ್ಕೆ ಬಂದೆ. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಿದ್ದೆ ನೀನು. ಆಮೇಲೆ ಆ ಮಾತು ವಾಪಸ್ ತಗೊಳ್ಳೋಕೆ ಮನಸ್ಸು ಬರಲಿಲ್ಲ."

"ಐದು ತಿಂಗಳು ಅತ್ತೆ! ಆಣೆ ಬೇರೆ ಇಟ್ಟಿದ್ರಿ!"

"ಮೆಷಿನ್ ಮುಟ್ಟಿ ತಾನೇ ಇಟ್ಟಿದ್ದು. ಅದಕ್ಕೇ ಹೋದ ವಾರ ಅದರ ಬೆಲ್ಟು ಕಿತ್ತುಹೋಯ್ತು."

ಸೊಸೆಯ ಗಂಟಲಿನಿಂದ ಏನೋ ಒಂದು ಸದ್ದು ಬಂತು. ನಗುವೇ ಇರಬೇಕು; ರೂಢಿ ತಪ್ಪಿ ಬಿಕ್ಕಳಿಕೆಯ ಹಾಗೆ ಹೊರಬಿತ್ತು. ಅವಳು ಕತ್ತರಿಯ ಬಾಯಿ ಮುಚ್ಚಿ ಅತ್ತೆಯ ಮಡಿಲಲ್ಲಿಟ್ಟಳು. ಗಿಡಗಳನ್ನು ಒಂದೊಂದಾಗಿ ನೋಡಿದಳು.

"ಹಳದಿಯೂ ಅಲ್ಲ, ಕೆಂಪೂ ಅಲ್ಲ, ಬಿಳಿ ಬಂದ್ರೆ?"

ಅತ್ತೆ ಕತ್ತರಿಯನ್ನು ಸೆರಗಿನಲ್ಲಿ ಒರೆಸಿದರು.

"ಇಬ್ಬರೂ ಸೇರಿ ಅವನಿಗೆ ಬೈಯೋಣ. ನಾನೊಬ್ಬಳೇ ಬೈದ್ರೆ ಅವನು ಯಾವತ್ತೂ ಕೇಳಿದವನಲ್ಲ."