ಮೊದಲು ಮಾಲೀಕರೇ ಓಡಿಸಬೇಕು

ಬಾನೆಟ್ ಎತ್ತಿ ಒಳಗೆ ಇಣುಕಿದ ದಂತವೈದ್ಯ, ರೋಗಿಗೆ ಕೆಟ್ಟ ಸುದ್ದಿ ತಿಳಿಸುವ ದನಿಯಲ್ಲಿ ಹೇಳಿದ: "ರೋಟರ್ ಇಲ್ಲ."

ರೋಟರ್ ಎಂದರೆ ಹೆಬ್ಬೆರಳ ಗಾತ್ರದ ಬಿಡಿಭಾಗ. ಅದಿಲ್ಲದಿದ್ದರೆ ಎಂಜಿನ್ನಿಗೆ ಕಿಡಿ ಇಲ್ಲ; ಕಿಡಿ ಇಲ್ಲದ ಪಿಕಪ್ ಬರೀ ಬಣ್ಣ ಬಳಿದ ಕಬ್ಬಿಣ. ಹಳೆಯ ಗಾಡಿಗಳ ಮೆರವಣಿಗೆ ಶುರುವಾಗಲು ಇನ್ನು ಒಂದು ಗಂಟೆಯೂ ಉಳಿದಿರಲಿಲ್ಲ.

"ಮತ್ತೆ ಅದೇ ಕೈ," ಎಂದರು ಅಧ್ಯಕ್ಷರು. ಯಾರ ಕೈ ಎನ್ನಲಿಲ್ಲ. ಕಣ್ಣು ಮಾತ್ರ ಪೇಂಟರ್ ಮೇಲಿತ್ತು.

ಅವರು ಹಳೆಯ ಪಿಕಪ್ ಪ್ರೇಮಿಗಳ ಸಂಘದ ಸ್ಥಾಪಕ ಅಧ್ಯಕ್ಷರು. ಹಳೆಯದನ್ನು ಹಳೆಯದಾಗಿಯೇ ಉಳಿಸುವುದು ಸಂಘದ ಧ್ಯೇಯ. ಧ್ಯೇಯಕ್ಕೆ ಬದ್ಧರಾದ ಸದಸ್ಯರು ಈ ಗಾಡಿಗೆ ಹೊಸ ಬ್ರೇಕು, ಹೊಸ ಸೀಟು, ಹೊಸ ದೀಪ ಮತ್ತು ಮೊಬೈಲ್ ಚಾರ್ಜರ್ ಹಾಕಿದ್ದರು. ಎಂಜಿನ್ ಮಾತ್ರ ಮೂಲದ್ದು. ಹೊಸದು ಎಲ್ಲೂ ಸಿಕ್ಕಿರಲಿಲ್ಲ.

ಗಾಡಿ ಒಂದು ಕಾಲದಲ್ಲಿ ಅಧ್ಯಕ್ಷರ ಮಾವನ ತರಕಾರಿ ಹೊರುತ್ತಿತ್ತು. ಮಾವ ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದುದನ್ನು ಅಧ್ಯಕ್ಷರು ಲಾರಿಯ ಮೇಲೆ ಹೇರಿಸಿಕೊಂಡು ತಮ್ಮ ಮನೆಯ ಗ್ಯಾರೇಜಿಗೆ ತಂದಿದ್ದರು. ಆಮೇಲೆ ಪ್ರತಿ ಭಾನುವಾರ ಗೆಳೆಯರು ಬಂದು ದುಡಿದರು. ದಂತವೈದ್ಯ ತನ್ನ ಸಲಕರಣೆಗಳಿಂದಲೇ ಕಾರ್ಬುರೇಟರ್ ತೊಳೆದ. ಎಲೆಕ್ಟ್ರಿಷಿಯನ್ ವೈರೆಲ್ಲ ಬದಲಿಸಿದ. ಪೇಂಟರ್ ತುಕ್ಕು ಕೆರೆದು ನೀಲಿ ಬಳಿದ. ಅಧ್ಯಕ್ಷರು ಉಪನ್ಯಾಸ ಕೊಟ್ಟರು. ಇಂಥ ಗಾಡಿಗಳಲ್ಲಿ ಗೇರ್ ಬದಲಿಸುವಾಗ ಕ್ಲಚ್ ಎರಡು ಸಲ ಏಕೆ ಒತ್ತಬೇಕು ಎಂಬ ಒಂದೇ ವಿಷಯದ ಮೇಲೆ ಅವರು ಚಹಾ ಆರುವವರೆಗೆ ಮಾತಾಡಬಲ್ಲರು.

ಬೇರೆ ಸದಸ್ಯರ ಗಾಡಿ ಪರೀಕ್ಷೆಗೆ ಹೊರಟರೆ ಅವರು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. "ಸ್ಟೀರಿಂಗ್ ಹಿಡಿದವನಿಗೆ ರಸ್ತೆ ಕಾಣ್ಸುತ್ತೆ, ಎಂಜಿನ್ ಕೇಳ್ಸಲ್ಲ" ಎಂಬುದು ಅವರ ಸಿದ್ಧಾಂತ. ಕೇಳಿದವರು ತಲೆದೂಗುತ್ತಿದ್ದರು.

ಸಂಘದ ಮೂರನೇ ನಿಯಮವೂ ಅವರದೇ ರಚನೆ: ಸಿದ್ಧವಾದ ಗಾಡಿಯನ್ನು ಮೊದಲು ಮಾಲೀಕರೇ ಓಡಿಸಬೇಕು. ನಿಯಮ ಬರೆದಾಗ ಅವರ ಬಳಿ ಗಾಡಿ ಇರಲಿಲ್ಲ.

ಈಗ ಗಾಡಿ ಇತ್ತು. ಆದರೆ ಓಡಿಸುವ ದಿನ ಬಂದಾಗಲೆಲ್ಲ ಏನಾದರೊಂದು ಕೈಕೊಡುತ್ತಿತ್ತು. ಒಮ್ಮೆ ಬ್ಯಾಟರಿಯ ತಂತಿ ಕಳಚಿತ್ತು. ಇನ್ನೊಮ್ಮೆ ಫ್ಯೂಸ್ ಮಾಯ. ಯಾವುದೂ ಮುರಿದಿರಲಿಲ್ಲ. ಕಾಣೆಯಾದದ್ದು ಮುಂದಿನ ಭಾನುವಾರ ಬೆಂಚಿನ ಮೇಲೆ, ಚೆನ್ನಾಗಿ ಒರೆಸಿಟ್ಟ ಸ್ಥಿತಿಯಲ್ಲಿ ಸಿಗುತ್ತಿತ್ತು. ಯಾರೋ ಗಾಡಿಯನ್ನು ಪ್ರೀತಿಸುವವನೇ ಈ ಕೆಲಸ ಮಾಡುತ್ತಿದ್ದಾನೆ ಎಂದು ಅಧ್ಯಕ್ಷರೇ ತೀರ್ಮಾನಿಸಿದ್ದರು.

"ನಿನ್ನೆ ಕೊನೇಲಿ ಹೋದವನು ನೀನೇ ತಾನೇ?" ಎಂದು ಅವರು ಈಗ ಪೇಂಟರ್‌ನನ್ನು ಕೇಳಿದರು.

"ಹೌದು. ನಿಮ್ಮ ಗಾಡಿಗೇ ಪಾಲಿಶ್ ಹೊಡೀತಿದ್ದೆ. ತಪ್ಪಾ?"

"ನೀಲಿ ಬೇಡ, ಹಸಿರು ಬಳಿಯೋಣ ಅಂತ ನೀನು ಹಟ ಹಿಡಿದಿದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ."

"ಅಧ್ಯಕ್ಷರೇ, ಬಣ್ಣಕ್ಕೆ ಸಿಟ್ಟಾದ್ರೆ ನಾನು ಈ ಕಸುಬಲ್ಲಿ ಒಂದು ವಾರ ಬದುಕ್ತಿರ್ಲಿಲ್ಲ!"

"ಸಂಘದಿಂದ ಹೊರಗೆ ಹಾಕಬೇಕಾಗುತ್ತೆ."

ಪೇಂಟರ್ ಮುಖ ಸಪ್ಪಗಾಯಿತು. ಭಾನುವಾರ ಹೋಗಲು ಅವನಿಗೆ ಬೇರೆ ಜಾಗವಿರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನು ಎರಡೂ ಜೇಬು ಹೊರಗೆಳೆದು ತೋರಿಸಿದ. ಒಂದು ತುಂಡು ಉಪ್ಪುಕಾಗದ, ಅಷ್ಟೇ.

"ನಂದಾಯ್ತು. ಈಗ ಎಲ್ಲರದೂ ಆಗ್ಲಿ."

ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ಬಂದ ಅಧ್ಯಕ್ಷರ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ತಟ್ಟೆಯನ್ನು ಬೆಂಚಿನ ಮೇಲಿಟ್ಟರು.

"ರೀ, ಈ ಸುಕ್ಕು ಕೋಟಲ್ಲಿ ಮೆರವಣಿಗೆಗೆ ಹೋಗ್ತೀರಾ? ಬಿಚ್ಚಿ ಕೊಡಿ, ಇಸ್ತ್ರಿ ಹಾಕ್ತೀನಿ."

"ಈಗ ಬೇಡ..."

"ಕೊಡಿ ಅಂದೆ."

ಕೊಟ್ಟರು. ಆಕೆ ಕೋಟು ಹಿಡಿದು ಒಳಗೆ ಹೋದ ಮೇಲೆ ದಂತವೈದ್ಯನ ಜೇಬಿನಿಂದ ಒಂದು ಹಲ್ಲು ಬಂತು, ಪ್ಲಾಸ್ಟಿಕ್ಕಿನದು. ಎಲೆಕ್ಟ್ರಿಷಿಯನ್ ಜೇಬಿನಿಂದ ವೈರಿನ ಚೂರುಗಳು. ಚಹಾ ಯಾರೂ ಮುಟ್ಟಲಿಲ್ಲ.

ಹೆಂಡತಿ ಮರಳಿ ಬಂದಾಗ ಒಂದು ಕೈಯಲ್ಲಿ ಗರಿಗರಿ ಕೋಟು, ಇನ್ನೊಂದರಲ್ಲಿ ರೋಟರ್ ಇತ್ತು.

"ಹುಡುಕಿದ್ದು ಸಾಕು. ನಾನೇ ತೆಗೆದಿದ್ದು."

"ಅತ್ತಿಗೇ, ನೀವಾ?" ಪೇಂಟರ್ ಬಾಯಿ ತೆರೆದೇ ಇತ್ತು.

"ಈ ಗಾಡಿ ಓಡಿದ ದಿನ ಈ ಮನೆಯ ಮರ್ಯಾದೆ ಏನಾಗುತ್ತೆ ಅಂತ ನನಗೆ ಗೊತ್ತು. ಅದಕ್ಕೇ."

ಮಾತು ಪೂರ್ತಿ ಅರ್ಥವಾಗದಿದ್ದರೂ, ಭಾನುವಾರಗಳನ್ನು ಕಳೆದುಕೊಂಡ ಹೆಂಗಸಿನ ಸಂಕಟ ಎಂದು ಎಲ್ಲರೂ ತಲೆ ತಗ್ಗಿಸಿದರು. ಮೊದಲು ಚೇತರಿಸಿಕೊಂಡವರು ಅಧ್ಯಕ್ಷರೇ. ಗಂಟಲು ಸರಿಮಾಡಿಕೊಂಡು, "ಮನೆಯವಳೇ ಆದ್ರೂ ತಪ್ಪು ತಪ್ಪೇ. ಸಂಘದ ಪರವಾಗಿ ಕ್ಷಮಿಸಿದ್ದೀನಿ," ಎಂದರು. ದಂತವೈದ್ಯ ಚಪ್ಪಾಳೆ ತಟ್ಟಿದ.

"ದೊಡ್ಡ ಮನಸ್ಸು," ಎಂದರು ಹೆಂಡತಿ. "ಅಂದ ಹಾಗೆ, ಅಪ್ಪ ಗಾಡಿಯನ್ನ ನನ್ನ ಹೆಸರಿಗೆ ಮಾಡಿಟ್ಟಿದ್ರು. ನಿಮ್ಮ ಮೂರನೇ ನಿಯಮ ಏನು ಹೇಳುತ್ತೆ, ಅಧ್ಯಕ್ಷರೇ?"

"ನಿಯಮ ಅಂದ್ರೆ ನಿಯಮ," ಎಂದು ಅಧ್ಯಕ್ಷರು ಅನುಮಾನ ಬರುವಷ್ಟು ಬೇಗ ಒಪ್ಪಿಕೊಂಡು, ಪಕ್ಕದ ಸೀಟು ಹತ್ತಿ ಕಣ್ಣು ಮುಚ್ಚಿದರು.

ರೋಟರ್ ಕೂತಿತು. ಎಂಜಿನ್ ಕೆಮ್ಮಿ, ಗುಡುಗಿತು. ಹೆಂಡತಿ ಕ್ಲಚ್ಚನ್ನು ಎರಡು ಸಲ ಒತ್ತಿದರು. ಗೇರ್ ಸದ್ದಿಲ್ಲದೆ ಬದಲಾಯಿತು. ಅಪ್ಪನ ಪಕ್ಕ ಕೂತು ಕಲಿತ ಕೈ. ಹಿಂದೆ ಗೆಳೆಯರು ಕೇಕೆ ಹಾಕಿದರು. ಎಲ್ಲರಿಗಿಂತ ಜೋರಾಗಿ ಪೇಂಟರ್.

ತಿರುವು ದಾಟಿದ ಮೇಲೆ ಆಕೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಸಂಜೆ ಪೇಂಟರ್ ಹತ್ರ ಹೋಗಿ ಕ್ಷಮೆ ಕೇಳಿ. ಇನ್ನೊಂದು ಸಲ ನಿಮ್ಮ ಕೋಟಿನ ಜೇಬಲ್ಲಿ ರೋಟರ್ ಸಿಕ್ಕಿದ್ರೆ ಎಲ್ಲರ ಮುಂದೇನೇ ತೆಗೀತೀನಿ. ನಾಳೆ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರ್ಕೊಳ್ಳಿ."