ಅಂಜೂರದ ಕಪಾಟು

ಚೀಲದಮ್ಮ ಇವತ್ತೂ ಕೈ ಹಾಕಿದಳು.

ಬೆಣ್ಣೆ, ಚೀಸ್ ಇಟ್ಟ ಗಾಜಿನ ಪೆಟ್ಟಿಗೆ ಒರೆಸುವ ನೆಪದಲ್ಲಿ ಅಂಗಡಿಯ ಮಾಲೀಕ ಮೂಲೆಯ ದುಂಡು ಕನ್ನಡಿಯನ್ನೇ ನೋಡುತ್ತಿದ್ದ. ಆಕೆಯ ಬೆನ್ನು ಅವನ ಕಡೆಗಿತ್ತು. ಕೈ ಚೀಲದೊಳಗೆ ಹೋಯಿತು, ಹೊರಗೆ ಬಂತು, ಅಂಜೂರದ ಜಾಮ್ ಜೋಡಿಸಿದ್ದ ಕಪಾಟಿನತ್ತ ಸರಿಯಿತು, ಮತ್ತೆ ಚೀಲದೊಳಗೆ ಹೋಯಿತು. ಕಳ್ಳರ ಕೈಗೆ ನೆಮ್ಮದಿ ಎಂಬುದೇ ಇರುವುದಿಲ್ಲ ಎಂದುಕೊಂಡ.

ಎರಡು ತಿಂಗಳಿಂದ ಇದೇ ಆಟ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಒಳಗೆ ಬರುವವಳು ಆಕೆಯೇ. ಬಣ್ಣ ಮಾಸಿದ ಬಟ್ಟೆ, ಸವೆದ ಚಪ್ಪಲಿ, ಬರುವಾಗಲೇ ಭುಜ ಜಗ್ಗುವ ಬಟ್ಟೆಯ ಚೀಲ. ಅವನೇ ಇಟ್ಟ ಹೆಸರು ಚೀಲದಮ್ಮ. ಕೊಳ್ಳುವುದು ಒಂದು ಬ್ರೆಡ್ಡು, ಅದೂ ಇರುವುದರಲ್ಲೇ ಚಿಕ್ಕದು.

ಅಂಗಡಿ ಚಿಕ್ಕದು, ಬೆಲೆ ದೊಡ್ಡದು. ಗಾಣದ ಎಣ್ಣೆ, ಕಾಡು ಜೇನು, ಜಾಮ್, ಎಲ್ಲದರ ಮೇಲೂ ಕಂದು ಕಾಗದದ ಲೇಬಲ್, ಅದರ ಮೇಲೆ ‘ನಮ್ಮ ಸುತ್ತಮುತ್ತಲಿನ ಕೈಗಳು ಮಾಡಿದ್ದು’ ಎಂಬ ಸಾಲು. ಸಾಲು ಬರೆದವನು ಮಾಲೀಕನೇ. ಆ ಕೈಗಳ ಬಗ್ಗೆ ಅವನಿಗೆ ಗೌರವವೇನೂ ಇರಲಿಲ್ಲ. ಮಾಡಿ ತರುವವರು ಹಿಂಬಾಗಿಲಿಗೆ ಬಂದು ಹೆಂಡತಿಗೆ ಕೊಟ್ಟು ಹೋಗಬೇಕು. ಅವರ ನೆರಳು ಮುಂದಿನ ಕೋಣೆಗೆ ಬಿದ್ದರೆ ಗಿರಾಕಿಗಳು ಮೂಗು ಮುರಿಯುತ್ತಾರೆ ಎಂಬುದು ಅವನ ವಾದ. ಅಂಜೂರದ ಜಾಮಿನ ವಿಷಯದಲ್ಲಿ ಇನ್ನೂ ಬಿಗಿ. ಅದನ್ನಿಟ್ಟ ಹಿಂದಿನ ಕೋಣೆಯ ಬೀಗದ ಕೈ ಅವನೊಬ್ಬನ ಬಳಿ ಮಾತ್ರ.

ಗಿರಾಕಿಗಳ ಬಗ್ಗೆಯೂ ಅವನಿಗೆ ತಾತ್ಸಾರವೇ. ಹೋದ ವರ್ಷ ಜಾಮ್ ಕೆಟ್ಟಿದೆ ಎಂದು ಗೊಣಗುತ್ತಾ ಒಬ್ಬೊಬ್ಬರೇ ಕಾಲ್ತೆಗೆದಿದ್ದರು. ಅಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತು. ಅವನು ಬೆಲೆ ಏರಿಸಿದ. ಈಗ ಮತ್ತೆ ಮುಗಿಬೀಳುತ್ತಿದ್ದರು.

“ನೋಡಿದ್ಯಾ? ಇವರ ನಾಲಿಗೆ ಇರೋದೇ ಪರ್ಸಿನಲ್ಲಿ,” ಎಂದು ಹೆಂಡತಿಯ ಎದುರು ನಕ್ಕಿದ್ದ.

“ಹೌದು ರೀ. ರುಚಿ ಯಾರಿಗೆ ಗೊತ್ತಾಗುತ್ತೆ,” ಎಂದಿದ್ದಳು ಅವಳು, ಗಲ್ಲಾದಿಂದ ತಲೆಯೆತ್ತದೆ.

ಅವಳಿಂದ ಅವನಿಗೆ ಯಾವ ಸಹಾಯವೂ ಇರಲಿಲ್ಲ. ಚೀಲದಮ್ಮ ಬಂದಾಗಲೇ ಅವಳಿಗೆ ಚಿಲ್ಲರೆ ಮುಗಿಯುತ್ತಿತ್ತು, ಇಲ್ಲವೇ ತಕ್ಕಡಿ ಕೈಕೊಡುತ್ತಿತ್ತು. ರೀ, ರೀ ಎಂದು ಕರೆದು ಅವನ ಕಣ್ಣು ತಪ್ಪಿಸುತ್ತಿದ್ದಳು.

“ಕಪಾಟು ತುಂಬೇ ಇದೆಯಲ್ಲ ರೀ. ಆಯಮ್ಮ ಕದಿಯೋರ ಥರ ಕಾಣಲ್ಲ.”

“ನೀನು ಮುಖ ಓದೋಕೆ ಯಾವಾಗ ಕಲಿತೆ?”

“ಓದೋದೇನು ಬಂತು. ನೋಡಿದ್ರೆ ಸಾಕು.”

ಇವತ್ತು ಅವನಿಗೆ ಸಾಕ್ಷಿ ಸಿಕ್ಕಿತು. ದೊಡ್ಡ ಹೋಟೆಲೊಂದರ ಮುಖ್ಯ ಬಾಣಸಿಗ ಆಗಷ್ಟೇ ಬಾಗಿಲು ದೂಡಿ ಒಳಗೆ ಬಂದಿದ್ದ. ಯಾರದೋ ಮನೆಯಲ್ಲಿ ಈ ಅಂಗಡಿಯ ಅಂಜೂರದ ಜಾಮ್ ತಿಂದು ಮರುಳಾಗಿ, ಹೋಟೆಲಿನ ಬೆಳಗಿನ ತಿಂಡಿಗೆ ವರ್ಷವಿಡೀ ಬೇಕೆಂದು ಒಪ್ಪಂದದ ಕಾಗದ ತಂದಿದ್ದ. ಆ ಸಹಿ ಬಿದ್ದರೆ ಅಂಗಡಿ ಗಟ್ಟಿ. ಸಹಿಗೆ ಮುಂಚೆ ಅಂಗಡಿಯ ಶಿಸ್ತನ್ನೂ ತೋರಿಸಿಬಿಡೋಣ ಎನ್ನಿಸಿತು ಮಾಲೀಕನಿಗೆ. ಬಾಗಿಲಿಗೆ ಅಡ್ಡ ನಿಂತ.

“ಏನಮ್ಮಾ, ಚೀಲ ಸ್ವಲ್ಪ ಬಿಚ್ಚಿ.”

“ಬೇಡ ಸ್ವಾಮಿ. ಬಿಚ್ಚಿದ್ರೆ ನಿಮಗೇ ತೊಂದರೆ.”

“ಕೇಳಿದ್ರಾ ಸಾರ್, ಎಂಥಾ ಧಿಮಾಕು!”

“ರೀ, ದಮ್ಮಯ್ಯ, ಇವತ್ತು ಬೇಡ,” ಎಂದಳು ಹೆಂಡತಿ.

“ನೀನು ಬಾಯಿ ಮುಚ್ಚು.”

ಚೀಲ ಕಿತ್ತುಕೊಂಡು ಗಲ್ಲಾದ ಮೇಲೆ ಸುರಿದ. ನಾಲ್ಕು ಬಾಟಲಿ ಅಂಜೂರದ ಜಾಮ್ ಉರುಳಿದವು. ಕಂದು ಲೇಬಲ್, ಮುಚ್ಚಳದ ಮೇಲೆ ಅಂಗಡಿಯ ಮುದ್ರೆ. ಬ್ರೆಡ್ಡು ಕೊಳ್ಳಲು ನಿಂತಿದ್ದ ಇಬ್ಬರು ಗಿರಾಕಿಗಳು ಆಕೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಆಕೆ ತಲೆ ತಗ್ಗಿಸಲಿಲ್ಲ.

“ಕಳ್ಳಿಗೂ ಒಳ್ಳೇದು ಯಾವುದು ಅಂತ ಗೊತ್ತು ನೋಡಿ ಸಾರ್. ಬೇರೇನೂ ಮುಟ್ಟಿಲ್ಲ,” ಎಂದು ಮಾಲೀಕ ಗೆದ್ದ ದನಿಯಲ್ಲಿ ಹೇಳಿದ. “ಹೇಗೂ ಕಪಾಟಿನಿಂದ ಇಳಿದು ಬಂದಿದೆ. ಇದನ್ನೇ ತೆಗೀತೀನಿ. ರುಚಿ ನೋಡಿ, ಸಹಿ ಹಾಕಿ.”

ಬಾಣಸಿಗ ಚಮಚದ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡ. ಮುಖ ಕಿವುಚಿ ಚಮಚ ಕೆಳಗಿಟ್ಟ.

“ಇದಲ್ಲ.”

“ಅದೇ ಸಾರ್.”

ಬಾಣಸಿಗ ತಾನೇ ಕಪಾಟಿನ ಬಳಿ ಹೋಗಿ, ಮುಂದಿನ ಸಾಲಿನ ಒಂದು ಬಾಟಲಿ ತೆಗೆದು, ಮುಚ್ಚಳ ತಿರುವಿ ಬೇರೆ ಚಮಚದಿಂದ ತಿಂದ. ಇನ್ನೊಂದು ಸಲವೂ ತಿಂದ.

“ಇದು. ನಾನು ತಿಂದದ್ದು ಇದು.”

“ಎರಡೂ ಒಂದೇ ಸಾರ್! ಒಂದೇ ಡ್ರಮ್ಮಿಂದ ನಾನೇ ಕೈಯಾರೆ ತುಂಬಿದ್ದು...”

ಮಾತು ಅಲ್ಲೇ ನಿಂತಿತು. ಆದರೆ ಹೊರಗೆ ಬಂದಾಗಿತ್ತು.

“ಡ್ರಮ್ಮು,” ಎಂದು ಬಾಣಸಿಗ ಲೇಬಲಿನ ಸಾಲನ್ನು ನಿಧಾನವಾಗಿ ಓದಿದ. ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ಆಕೆಯ ಕಡೆ ತಿರುಗಿದ. “ಅಮ್ಮಾ, ಇದೇನು ಕಥೆ?”

“ತಗೊಂಡು ಹೋಗ್ತಿದ್ದಿದ್ದು ಇವರದು ಸಾರ್. ಅದನ್ನ ನಮ್ಮನೆ ಇರುವೆ ಕೂಡ ಮೂಸಲ್ಲ. ಇಟ್ಟು ಹೋಗ್ತಿದ್ದಿದ್ದು ನಂದು.”

ಮಾಲೀಕನ ಮುಖ ಕೆಂಪೇರಿತು. “ನನ್ನ ಬಾಟಲಿ, ನನ್ನ ಮುದ್ರೆ! ಯಾರೇ ನೀನು? ಯಾರು ಕೊಟ್ರು ನಿನಗೆ ಇದನ್ನೆಲ್ಲ?”

ಗಲ್ಲಾ ಬಿಟ್ಟು ಎದ್ದು ಬಂದ ಹೆಂಡತಿ ಆಕೆಯ ಪಕ್ಕದಲ್ಲಿ ನಿಂತಳು. “ನೀವು ಅಗ್ಗದ ಡ್ರಮ್ಮಿನ ಮಾಲು ತಂದು ಬಿಡಿಸೋವರೆಗೆ ಹತ್ತು ವರ್ಷ ನಮಗೆ ಜಾಮ್ ಮಾಡಿಕೊಟ್ಟವರು ರೀ ಇವರು. ಅಂಗಡಿ ಮುಳುಗುತ್ತೆ ಅಂತ ಬಾಟಲಿ ಕೊಟ್ಟು, ಮುದ್ರೆ ಒತ್ತಿ, ವಾಪಸ್ ಕರೆಸಿದ್ದು ನಾನು.”